ಹೌಸಿಂಗ್ ಹಿಡಿದುಕೊಂಡಿರುವುದು ಯಾವುದು? 1930ರ ಫೋರ್ಡ್ ಚಾಸಿಗೆ ಮ್ಯಾವರಿಕ್ ಆಕ್ಸಲ್ ಕೂರಿಸಿದ ಪ್ರಕರಣ

ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್ ದಾಟಿದ ಕೂಡಲೇ ಆ ಕಾರು ನಡುಗಲು ಶುರು ಮಾಡುತ್ತಿತ್ತು. ನಡುಕ ಸ್ಟೀರಿಂಗ್‌ನಲ್ಲಿ ಇರಲಿಲ್ಲ, ಸೀಟಿನ ಅಡಿಯಿಂದ ಬರುತ್ತಿತ್ತು. 50 ಮೈಲಿ ಮುಟ್ಟಿದರೆ ಕನ್ನಡಿಯಲ್ಲಿ ಹಿಂದಿನ ವಾಹನ ಮಸುಕಾಗಿ ಎರಡೆರಡಾಗಿ ಕಾಣುತ್ತಿತ್ತು. ಕ್ಲಚ್ ಒತ್ತಿ ಹಾಗೇ ಉರುಳಲು ಬಿಟ್ಟರೂ ಹೋಗುತ್ತಿರಲಿಲ್ಲ. ಅಂದರೆ ತೊಂದರೆ ಇಂಜಿನ್‌ದಲ್ಲ, ಅದರ ಹಿಂದೆ ಇರುವುದರದ್ದು.

ಇದು ನಡೆದಿದ್ದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ನಮ್ಮ ಬೀದಿಯಲ್ಲಿ. ಕಾರು ಎರಡು ಮನೆ ಆಚೆಯ ಯಜಮಾನರದ್ದು. ಕಾರ್ ಕಾರ್ಖಾನೆಯ ಟೂಲ್ ರೂಮ್‌ನಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. 1930ರ ಫೋರ್ಡ್ ಮಾಡೆಲ್ ಎ ಕೂಪೆ, ಅರ್ಧಕ್ಕರ್ಧ ಕಟ್ಟಿದ ಹಾಟ್ ರಾಡ್ (ಹಳೆಯ ಕಾರಿಗೆ ಬಲವಾದ ಇಂಜಿನ್ ಹಾಕಿ ಮಾರ್ಪಡಿಸಿದ್ದು) ಆಗಿ ಅವರ ಕೈಗೆ ಬಂದಿತ್ತು. ಹಿಂದಿನ ಮಾಲೀಕರು ಹಳೆಯ 40 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಇಂಜಿನ್ ತೆಗೆದು ಮಸ್ಟಾಂಗ್‌ನ 302 ಘನ ಇಂಚಿನ ವಿ8 ಮತ್ತು ಟಿ-5 ಐದು ಗೇರಿನ ಬಾಕ್ಸ್ ಹಾಕಿದ್ದರು. ಹಿಂದುಗಡೆಗೆ ಫೋರ್ಡ್ ಮ್ಯಾವರಿಕ್‌ ಕಾರಿನ 8 ಇಂಚಿನ ಆಕ್ಸಲ್ ಕೂರಿಸಿದ್ದರು (8 ಇಂಚು ಅನ್ನುವುದು ಅದರೊಳಗಿನ ಕ್ರೌನ್ ಗೇರಿನ ಅಳತೆ). ಯಜಮಾನರಿಗೆ ಒಂದೇ ಆಸೆ: ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಡ್ರೀಮ್ ಕ್ರೂಸ್‌ಗೆ ಈ ಕಾರನ್ನು ತಾವೇ ಓಡಿಸಿಕೊಂಡು ಹೋಗಬೇಕು. 1995ರಿಂದ ನಡೆಯುತ್ತಿರುವ ಹಳೆಯ ಕಾರುಗಳ ಮೆರವಣಿಗೆ ಅದು. ಇವರು ಪ್ರತಿ ವರ್ಷ ರಸ್ತೆ ಬದಿ ಕುರ್ಚಿ ಹಾಕಿಕೊಂಡು ನೋಡಿದವರು.

ನಾನು ಇಲ್ಲಿ ಗೇರ್‌ಬಾಕ್ಸ್ ವಿನ್ಯಾಸದ ಕೆಲಸ ಮಾಡುತ್ತೇನೆ. ಆದರೆ ಕೈಗೆ ಗ್ರೀಸ್ ಹತ್ತಿದ್ದು ಚಿತ್ರದುರ್ಗದಲ್ಲಿ, ಹೆದ್ದಾರಿ ಪಕ್ಕದ ಅಪ್ಪನ ಲಾರಿ ಗ್ಯಾರೇಜಿನಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಈ ಪ್ರಕರಣ ಬಗೆಹರಿದಿದ್ದು ಅವರು ಕೇಳಿದ ಒಂದು ಪ್ರಶ್ನೆಯಿಂದ.

ಅದಕ್ಕೂ ಮೊದಲು ನಾವು ಎರಡು ವಾರ ಬೇರೆ ಬೇರೆ ಕಡೆ ಹುಡುಕಿದೆವು. ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದೆವು, ನಡುಕ ಹಾಗೇ ಇತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಬ್ಯಾಲೆನ್ಸ್ ಮಾಡಿಸಿದೆವು, ಒಂಚೂರು ಕಡಿಮೆಯಾದ ಹಾಗೆ ಅನಿಸಿತು, ಅಷ್ಟೇ. ಶಾಫ್ಟ್ ನೆಟ್ಟಗಿತ್ತು. ಎರಡು ತುದಿಯ ಯೋಕ್‌ಗಳೂ (ಕೀಲು ಹಿಡಿಯುವ ಕವಲುಗಳು) ಒಂದೇ ನೇರಕ್ಕೆ ಇದ್ದವು. ಬೇರಿಂಗ್‌ನಲ್ಲಿ ಸದ್ದಿಲ್ಲ. ಗೇರ್ ಆಯಿಲ್‌ನಲ್ಲಿ ಕಬ್ಬಿಣದ ಚೂರಿಲ್ಲ.

ಅಪ್ಪ ಬಂದ ಮೂರನೇ ದಿನ ಯಜಮಾನರ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಕಾರು ಸ್ಟ್ಯಾಂಡ್ ಮೇಲೆ ಇತ್ತು. ಅಪ್ಪ ಕೆಳಗೆ ತೂರಿ, ಟಾರ್ಚ್ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪುಟ್ಟಿ, ಇದಕ್ಕೆ ಉದ್ದಕ್ಕೆ ಪ್ಲೇಟೇ ಇಲ್ವಲ್ಲ. ಮತ್ತೆ ಹೌಸಿಂಗ್‌ನ ಹಿಡ್ಕೊಂಡಿರೋದು ಯಾವುದು?" ಅಂದರು.

ಹೌಸಿಂಗ್ ಅಂದರೆ ಹಿಂದಿನ ಆಕ್ಸಲ್ ಮತ್ತು ಅದರ ಗೇರುಗಳನ್ನು ಒಳಗಿಟ್ಟುಕೊಂಡ ಕೊಳವೆಯಂಥ ಕವಚ. ಇಡೀ ಕೆಲಸದ ತಿರುಳು ಆ ಪ್ರಶ್ನೆಯಲ್ಲೇ ಇತ್ತು.

ಲಾರಿ ಬಿಡಿ, ನಮ್ಮ ಅಂಬಾಸಿಡರ್ ಕಾರನ್ನೇ ನೆನೆಸಿಕೊಳ್ಳಿ. ಹಿಂದಿನ ಆಕ್ಸಲ್ಲಿನ ಎರಡು ಕಡೆ ಉದ್ದಕ್ಕೆ ಪ್ಲೇಟುಗಳ ಕಟ್ಟು, ಅಂದರೆ ಲೀಫ್ ಸ್ಪ್ರಿಂಗ್, ಇರುತ್ತೆ, ಯು-ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಆ ಪ್ಲೇಟು ಬರೀ ಭಾರ ಹೊರುವುದಿಲ್ಲ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಹಿಡಿಯುತ್ತೆ, ಪಕ್ಕಕ್ಕೆ ಜಾರದಂತೆ ಹಿಡಿಯುತ್ತೆ, ಗಾಲಿ ತಿರುಗಿಸುವಾಗ ಹೌಸಿಂಗ್ ತಾನೇ ಉಲ್ಟಾ ತಿರುಗದಂತೆಯೂ ಹಿಡಿಯುತ್ತೆ. ನಾಲ್ಕು ಕೆಲಸ, ಒಂದೇ ಕಬ್ಬಿಣ.

ಮಾಡೆಲ್ ಎ ಹಾಗಲ್ಲ. ಅದರ ಹಿಂದಿನ ಸ್ಪ್ರಿಂಗ್ ಅಡ್ಡಕ್ಕೆ ಇರುತ್ತೆ, ಕಮಾನಿನ ಹಾಗೆ, ಆಕ್ಸಲ್ ಮೇಲೆ. ಅದು ಭಾರ ಹೊರುತ್ತೆ, ತುದಿಯ ಕೊಂಡಿಗಳಾದ ಶ್ಯಾಕಲ್‌ಗಳ ಓರೆಯಿಂದ ಆಕ್ಸಲ್ಲನ್ನು ನಡುವಿಗೆ ತರುತ್ತೆ, ಅಷ್ಟೇ. ಉಳಿದದ್ದನ್ನೆಲ್ಲ ಮಾಡುತ್ತಿದ್ದುದು ಟಾರ್ಕ್ ಟ್ಯೂಬ್. ಪ್ರೊಪೆಲ್ಲರ್ ಶಾಫ್ಟ್ ಒಂದು ದಪ್ಪ ಕೊಳವೆಯ ಒಳಗೆ ತಿರುಗುತ್ತೆ, ಆ ಕೊಳವೆ ಹಿಂದೆ ಡಿಫರೆನ್ಷಿಯಲ್ಲಿಗೆ ಗಟ್ಟಿಯಾಗಿ ಬೋಲ್ಟ್ ಆಗಿರುತ್ತೆ, ಮುಂದೆ ಗೇರ್‌ಬಾಕ್ಸಿನ ಹಿಂದೆ ಒಂದು ಗುಂಡಗಿನ ಕೀಲಿನಲ್ಲಿ ಕೂತಿರುತ್ತೆ. ಎರಡು ಕಡೆಯಿಂದ ಬರುವ ರೇಡಿಯಸ್ ರಾಡ್‌ಗಳು ಆ ಕೊಳವೆಗೇ ಬಂದು ಸೇರಿ ತ್ರಿಕೋನ ಮಾಡುತ್ತವೆ. ಇಡೀ ಹಿಂಭಾಗ ಆ ಒಂದೇ ಕೀಲಿನ ಮೇಲೆ ಮೇಲೆ ಕೆಳಗೆ, ಓರೆಕೋರೆ ಎಲ್ಲಾ ಆಡುತ್ತೆ. ಯೂನಿವರ್ಸಲ್ ಜಾಯಿಂಟೂ ಒಂದೇ, ಆ ಕೀಲಿನ ಒಳಗೇ. ಹಿಂದುಗಡೆ ಕೋನ ಅನ್ನುವ ಮಾತೇ ಇಲ್ಲ. ಫೋರ್ಡ್ ಕಾರುಗಳು 1948ರವರೆಗೆ ಈ ಏರ್ಪಾಡಿನಲ್ಲೇ ಬಂದವು, 1949ರಲ್ಲಿ ತೆರೆದ ಶಾಫ್ಟ್ ಬಂತು.

ಹೊಸ ಕಾಲದ ಆಕ್ಸಲ್ ತಂದು ಕೂರಿಸುವಾಗ ಎಲ್ಲರ ಗಮನ ಆ ಆಕ್ಸಲ್ ಮೇಲೆ ಇರುತ್ತೆ: ಅಗಲ ಎಷ್ಟು, ಗೇರ್ ಅನುಪಾತ ಎಷ್ಟು, ಬ್ರೇಕ್ ಯಾವುದು. ಅದರ ಜೊತೆಗೆ ಟಾರ್ಕ್ ಟ್ಯೂಬ್ ಹೊರಗೆ ಹೋಗುತ್ತೆ. ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳನ್ನು ಇನ್ನು ಯಾರು ಮಾಡಬೇಕು ಅನ್ನುವುದನ್ನು ಬಹಳ ಜನ ಕೇಳುವುದೇ ಇಲ್ಲ. ಈ ಕಾರಿನಲ್ಲೂ ಯಾರೂ ಕೇಳಿರಲಿಲ್ಲ.

ಹಿಂದಿನ ಮಾಲೀಕರು ಮಾಡಿದ್ದು ಇಷ್ಟು. ಚಾಸಿಯ ಹಿಂದಿನ ಅಡ್ಡತೊಲೆ, ಅಂದರೆ ಮೂಲ ಕ್ರಾಸ್‌ಮೆಂಬರ್, ಕತ್ತರಿಸಿ ತೆಗೆದಿದ್ದರು, ಯಾಕೆಂದರೆ 8 ಇಂಚಿನ ಆಕ್ಸಲ್ಲಿನ ಹೊಟ್ಟೆ ಅಲ್ಲಿನ ಸ್ಪ್ರಿಂಗ್‌ಗೆ ತಾಗುತ್ತೆ. ಅದರ ಜಾಗದಲ್ಲಿ ಒಂದು ಪೈಪ್ ಅಡ್ಡ ಹಾಕಿ, ಎರಡು ಕಾಯಿಲ್-ಓವರ್ ಶಾಕ್ (ಸುರುಳಿ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ನೇತುಹಾಕಿದ್ದರು. ಮಾಡೆಲ್ ಎ ಕಾರಿನ ಹಳೆಯ ರೇಡಿಯಸ್ ರಾಡ್‌ಗಳನ್ನೇ ಹೊಸ ಹೌಸಿಂಗ್‌ಗೆ ಬೆಸುಗೆ ಹಾಕಿ, ಮುಂದಿನ ತುದಿಗಳನ್ನು ಬಿಡಿಸಿ, ಎಡದ್ದನ್ನು ಎಡ ಚಾಸಿಗೆ, ಬಲದ್ದನ್ನು ಬಲ ಚಾಸಿಗೆ ಕಟ್ಟಿದ್ದರು. ಪಕ್ಕಕ್ಕೆ ಸರಿಯದಂತೆ ತಡೆಯುವ ರಾಡ್ ಇರಲಿಲ್ಲ. ಎಡ ಮಡ್‌ಗಾರ್ಡಿನ ಒಳಗೆ ಟೈರ್ ಉಜ್ಜಿ ಒಂದು ಕಡೆ ಬಣ್ಣ ಹೋಗಿ ತಗಡು ಮಿರಮಿರ ಹೊಳೆಯುತ್ತಿತ್ತು. ಅದನ್ನು ನಾವು ಮೊದಲೇ ನೋಡಿದ್ದೆವು, ಟೈರ್ ದೊಡ್ಡದು ಅಂದುಕೊಂಡಿದ್ದೆವು.

ರಾಡ್ ಬಿಡಿಸಿ ಎರಡು ಕಡೆ ಕಟ್ಟುವುದು ಹಾಟ್ ರಾಡ್ ಲೋಕದಲ್ಲಿ ಹಳೇ ಪದ್ಧತಿ, ಆದರೆ ಮುಂದಿನ ಆಕ್ಸಲ್‌ಗೆ. ಫೋರ್ಡ್‌ನ ಮುಂದಿನ ಆಕ್ಸಲ್ ಐ ಆಕಾರದ ಫೋರ್ಜಿಂಗ್, ಅದು ತಿರುಚಿಕೊಳ್ಳುತ್ತೆ. ಒಂದು ಚಕ್ರ ಹಳ್ಳಕ್ಕೆ ಇಳಿದರೆ ಆಕ್ಸಲ್ ಸ್ವಲ್ಪ ತಿರುಚಿಕೊಂಡು ಹೊಂದಿಕೊಳ್ಳುತ್ತೆ. ಹಿಂದಿನ ಹೌಸಿಂಗ್ ದಪ್ಪ ಕೊಳವೆ. ಕೊಳವೆ ತಿರುಚಲ್ಲ. ಎಡ ಚಕ್ರ ಮೇಲೆ ಹೋದಾಗ ಎಡ ರಾಡ್ ಹೌಸಿಂಗನ್ನು ಒಂದು ಕೋನಕ್ಕೆ ತಿರುಗಿಸಲು ನೋಡುತ್ತೆ, ಬಲ ರಾಡ್ ಇನ್ನೊಂದು ಕೋನದಲ್ಲಿ ಹಿಡಿದಿರುತ್ತೆ. ನಡುವೆ ಏನೋ ಒಂದು ಸೋಲಲೇಬೇಕು. ಇಲ್ಲಿ ಸೋತಿದ್ದು ಬೆಸುಗೆ. ಎಡ ಬ್ರಾಕೆಟ್ಟಿನ ಬೆಸುಗೆಯ ಅಂಚಿನಲ್ಲಿ, ಬಣ್ಣದ ಕೆಳಗೆ, ಕೂದಲೆಳೆಯಷ್ಟು ಬಿರುಕು. ತಿನ್ನರ್ ಬಟ್ಟೆಯಲ್ಲಿ ಒರೆಸಿ, ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ಪೆನೆಟ್ರಂಟ್ ಹಚ್ಚಿದಾಗ ಒಂದು ಇಂಚು ಉದ್ದಕ್ಕೆ ಕೆಂಪು ಗೆರೆ ಎದ್ದು ಬಂತು. ಯಜಮಾನರು ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಹಿಂದಿನ ಭಾನುವಾರವಷ್ಟೇ ಮೊಮ್ಮಗಳನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಐಸ್‌ಕ್ರೀಮ್ ತಿನ್ನಿಸಲು ಹೋಗಿ ಬಂದಿದ್ದರು.

ಬಲದ ಲೆಕ್ಕ ಹೇಳುತ್ತೇನೆ, ಯಾಕೆ ಭಯಪಡಬೇಕು ಅನ್ನುವುದು ಗೊತ್ತಾಗಲಿ. ಈ 302 ಇಂಜಿನ್ ಕೊಡುವ ಟಾರ್ಕ್ ಸುಮಾರು 300 ಪೌಂಡ್-ಅಡಿ. ಟಿ-5ರ ಮೊದಲ ಗೇರ್ 3.35. ಆಕ್ಸಲ್ಲಿನಲ್ಲಿ ಇದ್ದ ಅನುಪಾತ 3.00. ಗುಣಿಸಿದರೆ 3,000 ಪೌಂಡ್-ಅಡಿ ದಾಟುತ್ತೆ. ಗಾಲಿಗಳು ಮುಂದಕ್ಕೆ ತಿರುಗಲು ಅಷ್ಟು ಬಲ ಬಿದ್ದಾಗ ಹೌಸಿಂಗ್ ಅಷ್ಟೇ ಬಲದಲ್ಲಿ ಹಿಂದಕ್ಕೆ ತಿರುಗಲು ನೋಡುತ್ತೆ. ರಾಡ್ 3 ಅಡಿ ಉದ್ದ ಅಂದರೆ ಮುಂದಿನ ಕೀಲುಗಳ ಮೇಲೆ ಒಟ್ಟು 1,000 ಪೌಂಡ್, ಸುಮಾರು 450 ಕಿಲೋ, ನೇರವಾಗಿ ಮೇಲಕ್ಕೆ ಒತ್ತುತ್ತೆ. ಮಾಡೆಲ್ ಎ ಕಾರಿನ ರೇಡಿಯಸ್ ರಾಡ್ ಈ ಬಾಗಿಸುವ ಬಲಕ್ಕೆ ಮಾಡಿದ್ದೇ ಅಲ್ಲ. ಅದರ ಕಾಲದಲ್ಲಿ ಆ ಬಲವನ್ನು ತಿನ್ನುತ್ತಿದ್ದುದು ಟಾರ್ಕ್ ಟ್ಯೂಬ್. ಬಲಗಡೆಯ ರಾಡನ್ನು ನೆಲದ ಮೇಲೆ ಇಟ್ಟು ನೋಡಿದೆವು, ನಡುವೆ ಅದು ಬಿಲ್ಲಿನ ಹಾಗೆ ಬಾಗಿತ್ತು.

ಆದರೆ ಬಿರುಕಿನಿಂದ 50 ಮೈಲಿಯ ನಡುಕ ಬರುವುದಿಲ್ಲ. ಅದಕ್ಕೆ ಅಪ್ಪ ಇನ್ನೊಂದು ಕಡೆ ಕೈ ತೋರಿಸಿದರು. "ಮೊದಲು ಹಿಂದಿನ ಕ್ರಾಸ್ ಬಿಚ್ಚಮ್ಮ, ಅದೇ ಹೇಳುತ್ತೆ." ಯೂನಿವರ್ಸಲ್ ಜಾಯಿಂಟನ್ನು ನಮ್ಮ ಕಡೆ ಗ್ಯಾರೇಜುಗಳಲ್ಲಿ ಕ್ರಾಸ್ ಅಂತಲೇ ಕರೆಯುವುದು. ಸರ್ಕ್ಲಿಪ್ ತೆಗೆದು ಕಪ್ ಹೊರಗೆ ಬಡಿದೆ. ಒಳಗೆ ಗ್ರೀಸ್ ಇರಲಿಲ್ಲ, ಕುಂಕುಮದಂಥ ಕೆಂಪು ಪುಡಿ ಇತ್ತು. ಸೂಜಿ ರೋಲರ್‌ಗಳು ಕ್ರಾಸಿನ ಕೈ ಮೇಲೆ ಒಂದರ ಪಕ್ಕ ಒಂದು ಸಣ್ಣ ಗೀರುಗಳನ್ನು ಕೊರೆದಿದ್ದವು, ಉಗುರು ಆಡಿಸಿದರೆ ಬಾಚಣಿಗೆಯ ಹಾಗೆ ಕಟಕಟ ಅನ್ನುತ್ತಿತ್ತು. ಹೊಸದಾಗಿ ಹಾಕಿ 600 ಮೈಲಿ ಆಗಿತ್ತಷ್ಟೇ. ಮುಂದಿನ ಕ್ರಾಸ್ ತೆಗೆದರೆ ಅದು ಚೆನ್ನಾಗಿಯೇ ಇತ್ತು.

ಹಿಂದಿನದು ಮಾತ್ರ ಯಾಕೆ ಸವೆಯಿತು? ಕಾರನ್ನು ಚಕ್ರದ ಮೇಲೆ ಇಳಿಸಿ ಕೋನ ಅಳೆದೆವು. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು. ಶಾಫ್ಟ್ ಹಿಂದಕ್ಕೆ 2 ಡಿಗ್ರಿ ಇಳಿಜಾರು. ಇವೆರಡರ ನಡುವೆ ಮುಂದಿನ ಕೀಲಿನ ಕೋನ 1 ಡಿಗ್ರಿ, ಒಳ್ಳೆಯದೇ. ಪಿನಿಯನ್, ಅಂದರೆ ಶಾಫ್ಟ್ ಬಂದು ಸೇರುವ ಆಕ್ಸಲ್ಲಿನ ಸಣ್ಣ ಗೇರು, ಮಾತ್ರ ಮೂಗು ಕೆಳಗೆ ಮಾಡಿ 4 ಡಿಗ್ರಿ ಬಗ್ಗಿತ್ತು. ಅಂದರೆ ಹಿಂದಿನ ಕೀಲಿನ ಕೋನ 6 ಡಿಗ್ರಿ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕ್ರಾಸ್ ಕೀಲು ಕೋನದಲ್ಲಿ ತಿರುಗಿದರೆ, ಈ ಕಡೆ ಒಂದೇ ಸಮ ವೇಗ ಇದ್ದರೂ ಆ ಕಡೆ ವೇಗ ಒಂದು ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ. ಇದು ಆ ಕೀಲಿನ ಸ್ವಭಾವ, ಎಷ್ಟು ಚೆನ್ನಾಗಿ ಮಾಡಿದರೂ ಹೋಗಲ್ಲ. ಅದಕ್ಕೇ ಶಾಫ್ಟಿನ ಎರಡು ತುದಿಗೂ ಕೀಲು ಹಾಕಿ, ಎರಡರ ಕೋನವನ್ನೂ ಸಮ ಮಾಡುತ್ತಾರೆ. ಮುಂದಿನದು ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತೆ. 1 ಮತ್ತು 1, ಸರಿ. 2 ಮತ್ತು 2, ಸರಿ. 1 ಮತ್ತು 6 ಅಂದರೆ ಏರಿಳಿತ ಹೆಚ್ಚುಕಡಿಮೆ ಅಳಿಯದೆ ಹಾಗೇ ಉಳಿಯಿತು ಅಂತಲೇ ಅರ್ಥ. ಮೇಲಾಗಿ ಈ ಏರಿಳಿತದ ಪೆಟ್ಟು ಕೋನದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ, 1 ಡಿಗ್ರಿಗೆ 1 ಆದರೆ 6 ಡಿಗ್ರಿಗೆ 36. ವೇಗಕ್ಕೂ ಅದೇ ಲೆಕ್ಕ. ಹಾಗಾಗಿ 30 ಮೈಲಿಯಲ್ಲಿ ಗೊತ್ತೇ ಆಗದ್ದು 50ರಲ್ಲಿ ಕೂರಲು ಬಿಡುವುದಿಲ್ಲ. ಟೈರ್ 28 ಇಂಚು, ಅನುಪಾತ 3.00, ವೇಗ 50 ಮೈಲಿ ಇದ್ದರೆ ಶಾಫ್ಟ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತೆ. ಸುತ್ತಿಗೆ ಎರಡು ಪೆಟ್ಟು, ಸೆಕೆಂಡಿಗೆ 60. ಸೀಟಿನ ಕೆಳಗೆ ಬರುತ್ತಿದ್ದುದು ಅದೇ. ಬ್ಯಾಲೆನ್ಸ್ ತಪ್ಪಿದ್ದರೆ ಸುತ್ತಿಗೆ ಒಂದೇ ಪೆಟ್ಟು ಇರುತ್ತಿತ್ತು. ಇದನ್ನು ನಾನು ಮೊದಲೇ ಅಳೆದಿದ್ದರೆ ಶಾಫ್ಟ್ ಬ್ಯಾಲೆನ್ಸಿನ ದುಡ್ಡು ಉಳಿಯುತ್ತಿತ್ತು.

ಪಿನಿಯನ್ 4 ಡಿಗ್ರಿ ಬಗ್ಗಿದ್ದು ಹೇಗೆ ಅನ್ನುವುದೂ ಆಮೇಲೆ ಹೊಳೆಯಿತು. ಕಾರಿನ ಜೊತೆ ಬಂದಿದ್ದ ಹಳೆಯ ಫೋಟೋಗಳಲ್ಲಿ ಬರೀ ಚಾಸಿ ಇದೆ, ಬಾಡಿ ಇಲ್ಲ, ಇಂಜಿನ್ ಇಲ್ಲ. ಆಗಲೇ ಬೆಸುಗೆ ಹಾಕಿ ಮುಗಿಸಿದ್ದರು, ಪಿನಿಯನ್ ಮಟ್ಟವಾಗಿ ಇಟ್ಟು. ಆಮೇಲೆ ಬಾಡಿ ಬಂತು, ಗಾಜು ಬಂತು. ಮಾಡೆಲ್ ಎ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ವಿಂಡ್‌ಶೀಲ್ಡ್ ಮುಂದೆ, ಕೂತವರ ಕಾಲಿನ ಮೇಲ್ಗಡೆ ಇರುತ್ತೆ. ಅದನ್ನು ಡಿಕ್ಕಿಗೆ ಸಾಗಿಸಿದ್ದರು, ಆ ಭಾರವೂ ಹಿಂದಕ್ಕೆ ಬಂತು. ಚಾಸಿ ಎರಡೂವರೆ ಇಂಚು ಕೆಳಗೆ ಕೂತಿತು. ರಾಡಿನ ಮುಂದಿನ ತುದಿ ಚಾಸಿಯ ಜೊತೆ ಕೆಳಗೆ ಹೋಯಿತು, ಹಿಂದಿನ ತುದಿ ಆಕ್ಸಲ್ಲಿಗೆ ಗಟ್ಟಿಯಾಗಿ ಅಂಟಿತ್ತು. 36 ಇಂಚಿನ ರಾಡ್ ಎರಡೂವರೆ ಇಂಚು ಇಳಿದರೆ 4 ಡಿಗ್ರಿ. ಅಳತೆ ಅಷ್ಟಕ್ಕಷ್ಟೇ ಬಂತು.

ಮುಂದಿನ ಪ್ರಶ್ನೆ: ಈ ಆಕ್ಸಲ್ಲನ್ನೇ ಇಟ್ಟುಕೊಳ್ಳುವುದಾ, ಬದಲಾಯಿಸುವುದಾ. ಯಜಮಾನರ ಗೆಳೆಯರು 9 ಇಂಚಿನ ಫೋರ್ಡ್ ಹಾಕಿ ಅಂದರು. ಗಟ್ಟಿ ನಿಜ, ಆದರೆ ಭಾರ ಜಾಸ್ತಿ, ಪಿನಿಯನ್ ತುಂಬಾ ಕೆಳಗೆ ಇರುವುದರಿಂದ ಉಜ್ಜಾಟದಲ್ಲಿ ಶಕ್ತಿಯೂ ಜಾಸ್ತಿ ಹೋಗುತ್ತೆ. ಸಾವಿರದ ನೂರು ಕಿಲೋ ಕೂಡ ತೂಗದ ಕಾರಿಗೆ ಅದು ಬೇಡ ಅನ್ನಿಸಿತು. ಇನ್ನೊಬ್ಬರು ಎಕ್ಸ್‌ಪ್ಲೋರರ್‌ನ 8.8 ಹೇಳಿದರು. ಗುಜರಿಯಲ್ಲಿ ಸುಲಭಕ್ಕೆ ಸಿಗುತ್ತೆ, 1995ರಿಂದ ಈಚಿನದಕ್ಕೆ ಡಿಸ್ಕ್ ಬ್ರೇಕೂ ಇದೆ. ಆದರೆ ಅದರ ಅಗಲ 59 ಇಂಚಿಗೂ ಜಾಸ್ತಿ. ಉದ್ದದ ಕಡೆಯ ಕೊಳವೆ ಕತ್ತರಿಸಿ, ಇನ್ನೊಂದು ಗಿಡ್ಡ ಶಾಫ್ಟ್ ಹುಡುಕಿ ಹಾಕಬೇಕು. ಅದರ ನಡುಭಾಗ ಎರಕದ್ದು, ಕೊಳವೆಗಳನ್ನು ಅದಕ್ಕೆ ಒತ್ತಿ ಕೂರಿಸಿರುತ್ತಾರೆ. ಬೆಸುಗೆಗೆ ಅಷ್ಟು ಸಲೀಸಲ್ಲ.

ಮ್ಯಾವರಿಕ್ ಆಕ್ಸಲ್ ಅಗಲ ಚಕ್ರ ಕೂರುವ ಮುಖದಿಂದ ಮುಖಕ್ಕೆ ಐವತ್ತಾರೂವರೆ ಇಂಚು. ಮಾಡೆಲ್ ಎ ಚಕ್ರಗಳ ನಡುವಿನ ಅಂತರ 56 ಇಂಚು. 1970ರ ದಶಕದ ಸಣ್ಣ ಕಾರಿನ ಆಕ್ಸಲ್ 1930ರ ಮಡ್‌ಗಾರ್ಡ್ ಕೆಳಗೆ ಒಂದು ಚೂರೂ ಕತ್ತರಿಸದೆ ಕೂರುತ್ತೆ. ನನಗೆ ಇವತ್ತಿಗೂ ಇದು ಖುಷಿ ಕೊಡುವ ವಿಷಯ. ಹೌಸಿಂಗ್ ಪೂರ್ತಿ ಉಕ್ಕಿನ ತಗಡು ಒತ್ತಿ ಮಾಡಿದ್ದು, ಬೆಸುಗೆ ಚೆನ್ನಾಗಿ ಹಿಡಿಯುತ್ತೆ. ಕ್ರೌನ್-ಪಿನಿಯನ್ ಇರುವ ನಡುಭಾಗ ಮುಂದಿನಿಂದ ಇಡಿಯಾಗಿ ಬಿಚ್ಚಿ ಬರುತ್ತೆ. ಆದ್ದರಿಂದ ಆಕ್ಸಲ್ ಉಳಿಯಿತು, ಅದನ್ನು ಹಿಡಿಯುವ ಏರ್ಪಾಡು ಮಾತ್ರ ಬದಲಾಯಿತು. ಹೇಗಿದ್ದರೂ ಬಿಚ್ಚಿದ್ದೇವೆ ಅಂತ 3.00 ತೆಗೆದು 3.55 ಅನುಪಾತ ಹಾಕಿದೆವು, ಯಾಕೆಂದರೆ ಐದನೇ ಗೇರಿನಲ್ಲಿ 65 ಮೈಲಿಗೆ ಇಂಜಿನ್ 1,600 ಸುತ್ತೂ ತಿರುಗದೆ ತಿಣುಕುತ್ತಿತ್ತು.

ಹೊಸ ಏರ್ಪಾಡು ನಾಲ್ಕು ಬಾರ್. ಪ್ರತಿ ಕಡೆ ಎರಡು, 24 ಇಂಚು ಉದ್ದ, ಒಂದರ ಮೇಲೊಂದು 6 ಇಂಚು ಅಂತರ, ಸಮಾನಾಂತರ. ಇದರ ಗುಣ ಏನೆಂದರೆ ಆಕ್ಸಲ್ ಮೇಲೆ ಕೆಳಗೆ ಹೋದರೂ ಪಿನಿಯನ್ ಕೋನ ಬದಲಾಗುವುದಿಲ್ಲ, ಒಂದೇ ಚಕ್ರ ಏರಿದರೂ ಹೌಸಿಂಗನ್ನು ಯಾರೂ ತಿರುಚುವುದಿಲ್ಲ. ಆದರೆ ಬಲ ಕಡಿಮೆ ಆಯಿತು ಅಂದುಕೊಳ್ಳಬೇಡಿ, ಜಾಸ್ತಿಯೇ ಆಗುತ್ತೆ. 3 ಅಡಿಯ ರಾಡ್ ಹಿಡಿದಿದ್ದ ಬಲವನ್ನು ಈಗ 6 ಇಂಚಿನ ಬ್ರಾಕೆಟ್ ಹಿಡಿಯಬೇಕು. ಮೊದಲ ಗೇರಿನಲ್ಲಿ ಪೂರ್ತಿ ಒತ್ತಿದರೆ ಒಂದೊಂದು ಬಾರ್ ಮೇಲೆ 3,000 ಪೌಂಡ್‌ಗೂ ಮೇಲೆ ಎಳೆತ ಅಥವಾ ಒತ್ತಡ. ಅದಕ್ಕೇ ಕಾಲಿಂಚಿನ ಪ್ಲೇಟಿನ ಬ್ರಾಕೆಟ್ ಮಾಡಿದೆವು. ಮಾಡೆಲ್ ಎ ಚಾಸಿ ಬರೀ ತೆರೆದ ಸಿ ಚಾನೆಲ್, ಅದಕ್ಕೆ ಹಾಗೇ ಬ್ರಾಕೆಟ್ ಹಾಕಿದರೆ ಅದು ಬಾಯಿ ಬಿಡುತ್ತೆ. ಬ್ರಾಕೆಟ್ ಬರುವ ಜಾಗದ ಎರಡೂ ಕಡೆ ಒಳಮುಖಕ್ಕೆ ಪ್ಲೇಟ್ ಮುಚ್ಚಿ ಪೆಟ್ಟಿಗೆ ಮಾಡಿಕೊಂಡೆವು. ಪೈಪ್ ತೆಗೆದು ಚೌಕದ ಟ್ಯೂಬಿನಲ್ಲಿ ಕಮಾನಿನ ಕ್ರಾಸ್‌ಮೆಂಬರ್ ಮಾಡಿ, ಆಕ್ಸಲ್ ಮೇಲೇರಲು 3 ಇಂಚು ಜಾಗ ಬಿಟ್ಟೆವು.

ಈ ಸಲ ಭಾರ ಮೊದಲು, ಬೆಸುಗೆ ಆಮೇಲೆ. ಬಾಡಿ ಕೂರಿಸಿದೆವು, ಇಂಜಿನ್ ಇತ್ತು, ಟ್ಯಾಂಕಿಗೆ ಅರ್ಧ ನೀರು ತುಂಬಿದೆವು, ಸೀಟಿನ ಜಾಗಕ್ಕೆ ಮರಳಿನ ಚೀಲ ಇಟ್ಟೆವು. ಅಪ್ಪ ಗಾರೆ ಕೆಲಸದವರ ಹಾಗೆ ತೂಗುಗುಂಡು ಇಳಿಬಿಟ್ಟು ನಾಲ್ಕು ಚಕ್ರದ ನಡುಬಿಂದುಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎರಡು ಕಡೆಯೂ ಚಕ್ರದಿಂದ ಚಕ್ರಕ್ಕೆ 103.5 ಇಂಚು ಬರಬೇಕು, ಮಾಡೆಲ್ ಎ ಅಳತೆ ಅದು. ಆಮೇಲೆ ಮೂಲೆಯಿಂದ ಮೂಲೆಗೆ. ಮೊದಲ ಸಲ ಕಾಲಿಂಚು ವ್ಯತ್ಯಾಸ ಬಂತು. ಯಜಮಾನರು ಸಾಕು ಅಂದರು, ಅಪ್ಪ ಒಪ್ಪಲಿಲ್ಲ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಟೇಪ್ ಹಿಡಿದುಕೊಂಡು ಬೆರಳಲ್ಲೇ ವಾದ ಮಾಡಿದರು. ಸಂಜೆ ಏಳಕ್ಕೆ ವ್ಯತ್ಯಾಸ ಇಂಚಿನ 32ರಲ್ಲಿ ಒಂದು ಪಾಲಿಗೆ ಇಳಿಯಿತು.

ಪಿನಿಯನ್ ಕೋನ ಎರಡೂವರೆ ಡಿಗ್ರಿ ಮೂಗು ಮೇಲಕ್ಕೆ ಇಟ್ಟೆವು. ಗೇರ್‌ಬಾಕ್ಸ್ 3 ಡಿಗ್ರಿ ಇದ್ದ ಮೇಲೆ ಪಿನಿಯನ್ನೂ 3 ಇರಬೇಕಲ್ವಾ ಅಂದರೆ, ಬಾರ್‌ಗಳ ತುದಿಯ ಯುರೆಥೇನ್ ಬುಷ್ ಬಲ ಬಿದ್ದಾಗ ಸ್ವಲ್ಪ ಅದುಮಿಕೊಂಡು ಮೂಗನ್ನು ಇನ್ನೊಂದು ಅರ್ಧ ಡಿಗ್ರಿ ಎತ್ತುತ್ತೆ. ನಿಂತಾಗ ಹಿಂದಿನ ಕೀಲಿನಲ್ಲಿ ಅರ್ಧ ಡಿಗ್ರಿ, ಓಡುವಾಗ 1 ಡಿಗ್ರಿ. ಸೊನ್ನೆಯೂ ಆಗಬಾರದು, ಸೂಜಿ ರೋಲರ್ ಉರುಳದೆ ಒಂದೇ ಜಾಗದಲ್ಲಿ ಕೂತು ಗುಳಿ ಮಾಡುತ್ತೆ.

ಬೆಸುಗೆಯ ಬಗ್ಗೆ ಎರಡು ಮಾತು ಜೋರಾಗಿಯೇ ಹೇಳುತ್ತೇನೆ. ಒಂದು, ಗ್ರೀಸ್ ತೊಳೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿ ಅದರ ಮೇಲೆ ಬೆಸುಗೆ ಹಾಕಬೇಡಿ. ಬಿಸಿಗೆ ಅದು ಫಾಸ್ಜೀನ್ ಅನ್ನುವ ವಿಷಾನಿಲ ಆಗುತ್ತೆ, ಜೀವಕ್ಕೇ ಅಪಾಯ. ನಾವು ಸೋಪಿನ ಬಿಸಿನೀರಲ್ಲಿ ತೊಳೆದು, ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಶುರು ಮಾಡಿದೆವು. ಎರಡು, ಬೆಸುಗೆ ಹಾಕಿದ ಕಡೆಗೆ ಕೊಳವೆ ಎಳೆದುಕೊಳ್ಳುತ್ತೆ. ಹೌಸಿಂಗ್ ಒಳಗೆ, ಬೇರಿಂಗ್ ಕೂರುವ ಜಾಗಗಳಲ್ಲಿ ಲೇತ್‌ನಲ್ಲಿ ಕಡೆದ ಬಿಲ್ಲೆಗಳನ್ನು ಇಟ್ಟು ಒಂದು ನೆಟ್ಟನೆಯ ಉಕ್ಕಿನ ಸರಳು ತೂರಿಸಿದ್ದೆವು. ಆ ಬಿಲ್ಲೆಗಳನ್ನು ಯಜಮಾನರೇ ತಮ್ಮ ಹಳೆಯ ಲೇತ್‌ನಲ್ಲಿ ಮಾಡಿದ್ದು, ಎಷ್ಟು ನಯ ಅಂದರೆ ಕೈಬಿಟ್ಟರೆ ನಿಧಾನಕ್ಕೆ ಗಾಳಿ ಒತ್ತಿಕೊಂಡು ಇಳಿಯುತ್ತಿದ್ದವು. ಒಂದು ಇಂಚು ಬೆಸುಗೆ, ಆ ಕಡೆ ಒಂದು ಇಂಚು, ಕೈ ಇಡುವಷ್ಟು ಆರುವವರೆಗೆ ಕಾಯುವುದು. ಹೀಗೆ ಎರಡು ದಿನ. ಅಷ್ಟಾದರೂ ಕೊನೆಯಲ್ಲಿ ಸರಳು ಬಲಗಡೆ ಬಿಗಿಯಾಯಿತು. ಬ್ರಾಕೆಟ್‌ಗಳು ಮುಂದಿನ ಮುಖದಲ್ಲಿ ಇದ್ದುದರಿಂದ ಕೊಳವೆಯ ತುದಿ ಮುಂದಕ್ಕೆ ಬಾಗಿತ್ತು, ಇಂಚಿನ ಸಾವಿರದಲ್ಲಿ 40 ಪಾಲು. ಹಿಂಭಾಗಕ್ಕೆ ಟಾರ್ಚಿನಲ್ಲಿ ಒಂದು ಗೆರೆ ಕಾಸಿ, ತಾನೇ ಆರಲು ಬಿಟ್ಟೆವು. ಎರಡನೇ ಸಲ ಕಾಸಿದ ಮೇಲೆ ಸರಳು ಬೆರಳಲ್ಲಿ ತಿರುಗಿತು. ಈ ಹೆಜ್ಜೆ ಬಿಟ್ಟಿದ್ದರೆ ಬೇರಿಂಗ್, ಸೀಲ್ ಎರಡೂ ವರ್ಷದೊಳಗೆ ಹೋಗುತ್ತಿದ್ದವು.

ಪಕ್ಕಕ್ಕೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಹಾಕಿದೆವು, ಒಂದು ತುದಿ ಆಕ್ಸಲ್ಲಿಗೆ, ಇನ್ನೊಂದು ಚಾಸಿಗೆ. ಕಾರು ತನ್ನ ಎತ್ತರದಲ್ಲಿ ನಿಂತಾಗ ಅದು ರಸಮಟ್ಟಕ್ಕೆ ಸರಿಯಾಗಿ ಮಟ್ಟವಾಗಿರಬೇಕು. 24 ಇಂಚಿನ ರಾಡ್ ಮಟ್ಟವಾಗಿದ್ದರೆ 2 ಇಂಚು ಏರಿಳಿತಕ್ಕೆ ಆಕ್ಸಲ್ ಪಕ್ಕಕ್ಕೆ ಸರಿಯುವುದು ಇಂಚಿನ ಹನ್ನೆರಡನೇ ಒಂದು ಪಾಲು. ಓರೆ ಇದ್ದರೆ ಅದರ ಎಷ್ಟೋ ಪಟ್ಟು ಆಗುತ್ತೆ.

ಉಳಿದದ್ದು ಬೇಗ ಆಯಿತು. ಶಾಫ್ಟ್ ಅಳತೆಯನ್ನು ಭಾರ ಇದ್ದಾಗಲೇ ತೆಗೆದು, ಗೇರ್‌ಬಾಕ್ಸ್ ಕಡೆ ಜಾರುವ ಯೋಕ್ ಮುಕ್ಕಾಲಿಂಚು ಹೊರಗೆ ಇರುವಂತೆ ಮಾಡಿಸಿದೆವು. ಅದು 37 ಇಂಚು, ಗಿಡ್ಡ. ಗಿಡ್ಡ ಶಾಫ್ಟಿನಲ್ಲಿ 3 ಇಂಚು ಏರಿಳಿತ ಅಂದರೆ ನಾಲ್ಕೂವರೆ ಡಿಗ್ರಿ, ಅದಕ್ಕೇ ಮೊದಲ ಕೋನ ಇಷ್ಟು ಮುಖ್ಯ. ಬ್ರೇಕ್ ಮಾಸ್ಟರ್ ಸಿಲಿಂಡರ್ ನೆಲದ ಹಲಗೆಯ ಕೆಳಗೆ ಇರುವುದರಿಂದ ಹಿಂದಿನ ಡ್ರಮ್ಮಿನ ಲೈನಿಗೆ, ಅದರಲ್ಲಿ ಸ್ವಲ್ಪ ಒತ್ತಡ ಉಳಿಸುವ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಹಾಕಿದೆವು. ಚಕ್ರದ ಬೋಲ್ಟ್ ವೃತ್ತ ಮುಂದೆ ಐದೂವರೆ ಇಂಚು, ಹಿಂದೆ ನಾಲ್ಕೂವರೆ. ಸ್ಟೆಪ್ನಿ ಒಂದೇ ಇಟ್ಟರೆ ಎರಡಕ್ಕೂ ಆಗಲ್ಲ. ಯಜಮಾನರು ಸ್ಟೆಪ್ನಿ ಬಿಟ್ಟು ಪಂಕ್ಚರ್ ಸಾಮಾನು ಇಟ್ಟುಕೊಂಡರು. ಇದು ನನಗೆ ಇನ್ನೂ ಒಪ್ಪಿಗೆ ಇಲ್ಲ.

ಜುಲೈ ಕೊನೆಯ ಭಾನುವಾರ ಬೆಳಗ್ಗೆ ಆರಕ್ಕೆ ಮೊದಲ ಓಟ. ಯಜಮಾನರು ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಅಪ್ಪ, ನಾನು ನನ್ನ ಕಾರಿನಲ್ಲಿ ಹಿಂದೆ. 45 ದಾಟಿದರು, 50 ದಾಟಿದರು, 60ಕ್ಕೆ ಹೋದರು. ನಿಲ್ಲಿಸಿದ ಮೇಲೆ ಅಪ್ಪ ಇಳಿದು ಬಂದು, "ಕನ್ನಡೀಲಿ ನಿನ್ನ ಕಾರಿನ ನಂಬರ್ ಓದ್ಕೊಂಡು ಬಂದೆ ಪುಟ್ಟಿ" ಅಂದರು.

ಡ್ರೀಮ್ ಕ್ರೂಸ್ ಮುಗಿಸಿಕೊಂಡು ಬರುವ ಹೊತ್ತಿಗೆ 400 ಮೈಲಿ ಆಗಿತ್ತು. ಹಿಂದಿನ ಕ್ರಾಸಿನ ಒಂದು ಕಪ್ ಬಿಚ್ಚಿ ನೋಡಿದೆವು, ಗ್ರೀಸ್ ಹಾಕಿದ ಬಣ್ಣದಲ್ಲೇ ಇತ್ತು. ಬ್ರಾಕೆಟ್ ಬೋಲ್ಟುಗಳ ಮೇಲೆ ಎಳೆದಿದ್ದ ಬಿಳಿ ಗೆರೆಗಳಲ್ಲಿ ಒಂದೂ ಅಲುಗಿಲ್ಲ. ಮಡ್‌ಗಾರ್ಡ್ ಒಳಗೆ ಹೊಸ ಉಜ್ಜು ಇಲ್ಲ. ಒಂದು ಕೆಲಸ ಮಾತ್ರ ಬಾಕಿ ಇದೆ: ಕಾರನ್ನು ಜಾಕಿ ಕೊಟ್ಟು ಪೂರ್ತಿ ಎತ್ತಿ ಆಕ್ಸಲ್ ಜೋತುಬಿದ್ದಾಗ ಪ್ಯಾನ್‌ಹಾರ್ಡ್ ರಾಡ್ ಹೌಸಿಂಗ್‌ನ ಹಿಂದಿನ ಉಬ್ಬಿಗೆ ಸ್ವಲ್ಪ ತಾಗುತ್ತೆ. ಅದನ್ನು ಬಿಚ್ಚಿ ಬಗ್ಗಿಸಿ ಮತ್ತೆ ಹಾಕಬೇಕು. ಈ ಚಳಿಗಾಲದಲ್ಲಿ ಮಾಡುತ್ತೇವೆ, ಅಪ್ಪ ಚಿತ್ರದುರ್ಗದಿಂದ ವಿಡಿಯೋ ಕಾಲ್‌ನಲ್ಲಿ ಇರುತ್ತಾರೆ.